ಕಿರು ಯಂತ್ರಶಾಲೆಯ ನಿರ್ವಹಣೆ: ಕೈ, ಕಣ್ಣು ಮತ್ತು ಲೆಕ್ಕ

ಹೊಟ್ಟೆಪಾಡಿಗಾಗಿ ನಾಡು ಬಿಟ್ಟು ಬಂದ ಕನ್ನಡಿಗನೆಂದರೆ ಮಹಾನಗರದ ಜನರಿಗೆ ಮೊದಲು ನೆನಪಾಗುವುದು ಉಡುಪಿ ಹೋಟೆಲು. ಅದರ ಬೆನ್ನಿಗೆ ಬ್ಯಾಂಕಿನ ಮೇಜು, ಕಚೇರಿಯ ಕಡತ. ಆದರೆ ಪುಣೆಯ ಭೋಸರಿ, ಮುಂಬಯಿಯ ಸಾಕಿನಾಕಾ, ಚೆನ್ನೈನ ಅಂಬತ್ತೂರು, ಹೈದರಾಬಾದಿನ ಬಾಲಾನಗರ ಮೊದಲಾದ ಕೈಗಾರಿಕಾ ಪ್ರದೇಶಗಳ ತಗಡಿನ ಶೆಡ್ಡುಗಳಲ್ಲಿ ಲೇತ್ ಮುಂದೆ ನಿಂತು ದುಡಿಯುವವರಲ್ಲಿಯೂ ಕನ್ನಡಿಗರಿದ್ದಾರೆ. ಅವರಲ್ಲಿ ಕೆಲವರು ಹತ್ತಾರು ವರ್ಷ ಬೇರೆಯವರ ಕೈಕೆಳಗೆ ಟರ್ನರ್ ಆಗಿ ದುಡಿದು, ಉಳಿಸಿದ ಹಣದಿಂದ ಎರಡು ಲೇತ್, ಒಂದು ಡ್ರಿಲ್ಲಿಂಗ್ ಯಂತ್ರ, ಒಂದು ಸಾಣೆಚಕ್ರ ಇಟ್ಟುಕೊಂಡು ತಮ್ಮದೇ ಕಿರು ಯಂತ್ರಶಾಲೆ ತೆರೆದವರು.

ಈ ವಿದ್ಯೆ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ ತಮ್ಮ ಉದ್ಯಮವನ್ನು ಆರಂಭಿಸಿ, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ಹುಟ್ಟಿತು. 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಸ್ಥಾಪನೆಯಾಯಿತು. ಈ ಎರಡು ಕಡೆ ತಯಾರಾದ ಲೇತ್‌ಗಳು ದೇಶದ ಮೂಲೆಮೂಲೆಗೆ ಹೋದವು. ಹರಿಹರದ ಕಾರ್ಖಾನೆ ಮುಚ್ಚಿ ವರ್ಷಗಳೇ ಸಂದಿದ್ದರೂ ಅಲ್ಲಿಂದ ಬಂದ ಗಟ್ಟಿ ಲೇತ್‌ಗಳು ಇಂದಿಗೂ ಹಲವು ಶೆಡ್ಡುಗಳಲ್ಲಿ ತಿರುಗುತ್ತಿವೆ.

ಕೆಲಸ ದೊರೆಯದೆ ಮುಚ್ಚುವ ಯಂತ್ರಶಾಲೆಗಳಿವೆ; ಕೈತುಂಬ ಕೆಲಸವಿದ್ದೂ ಮುಚ್ಚುವವು ಸಹ ಇವೆ. ಎರಡನೆಯ ಬಗೆಯ ನಾಶಕ್ಕೆ ಕಾರಣ ಹುಡುಕಿದರೆ ಅದು ಪ್ರಾಯಶಃ ಮೂರರಲ್ಲಿ ಒಂದಾಗಿರುತ್ತದೆ: ಯಜಮಾನನದೋ ಕೆಲಸಗಾರನದೋ ಕೈ ಹೋಯಿತು, ಕಣ್ಣು ತಪ್ಪಿ ಅಳತೆ ಕೆಟ್ಟು ಮಾಲು ತಿರಸ್ಕೃತವಾಯಿತು, ಅಥವಾ ಲೆಕ್ಕ ತಪ್ಪಿ ದುಡಿದಷ್ಟೂ ನಷ್ಟವಾಯಿತು. ಸುರಕ್ಷಿತತೆ, ನಿಖರತೆ, ಲಾಭ ಇವು ಮೂರು ಬೇರೆ ಬೇರೆ ವಿಷಯಗಳೆಂದು ತೋರಬಹುದು. ನಾಲ್ಕು ಯಂತ್ರಗಳ ಶೆಡ್ಡಿನಲ್ಲಿ ಇವು ಒಂದೇ ಅಭ್ಯಾಸದ ಮೂರು ಹೆಸರುಗಳು. ಆ ಅಭ್ಯಾಸ ಹೇಗಿರಬೇಕೆಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಯಂತ್ರ ಕೊಳ್ಳುವ ಮುನ್ನ

ಹೊಸದಾಗಿ ಆರಂಭಿಸುವವನ ಬಂಡವಾಳ ಸಾಮಾನ್ಯವಾಗಿ ಹಳೆಯ ಯಂತ್ರಕ್ಕಷ್ಟೇ ಸಾಕಾಗುತ್ತದೆ. ಹಳೆಯ ಲೇತ್ ಕೊಳ್ಳುವುದು ತಪ್ಪಲ್ಲ. ಹೊಸದಾಗಿ ಬಳಿದ ಬಣ್ಣವನ್ನು ನೋಡಿ ಕೊಳ್ಳುವುದು ತಪ್ಪು. ಕೊಳ್ಳುವ ಮೊದಲು ಮೂರು ಪರೀಕ್ಷೆಗಳನ್ನು ಮಾಡಬೇಕು.

ಮೊದಲನೆಯದು ಬೆಡ್ಡಿನ ಸವೆತ. ಸ್ಯಾಡಲನ್ನು ಚಕ್ಕಿನ ಸಮೀಪಕ್ಕೆ ತಂದು, ತುಸು ತಡೆಯುವಷ್ಟು ಮಾತ್ರ ಬಿಗಿದು, ಕೈಚಕ್ರದಿಂದ ಟೇಲ್‌ಸ್ಟಾಕಿನ ಕಡೆಗೆ ಸರಿಸಬೇಕು. ಮುಂದೆ ಹೋದಂತೆ ಬಿಗಿಯಾಗಿ ನಿಂತುಬಿಟ್ಟರೆ ಚಕ್ಕಿನ ಬಳಿ ಬೆಡ್ಡು ಸವೆದಿದೆ ಎಂದರ್ಥ. ಹೆಚ್ಚಿನ ಕೆಲಸ ನಡೆಯುವುದು ಅಲ್ಲಿಯೇ ಆದುದರಿಂದ ಸವೆತವೂ ಅಲ್ಲಿಯೇ ಹೆಚ್ಚು. ಎರಡನೆಯದು ಸ್ಪಿಂಡಲ್. ಡಯಲ್ ಗೇಜನ್ನು ಅದರ ಮೂತಿಗೆ ತಾಗಿಸಿ ಕೈಯಿಂದ ತಿರುಗಿಸಿದಾಗ ಮುಳ್ಳು ಎಷ್ಟು ಓಲಾಡುತ್ತದೆಂದು ನೋಡಬೇಕು. ಬಳಿಕ ಮರದ ತುಂಡಿನಿಂದ ಮೆಲ್ಲಗೆ ಮೀಟಿ ಬೇರಿಂಗಿನ ಸಡಿಲವನ್ನು ಪರೀಕ್ಷಿಸಬೇಕು. ಮೂರನೆಯದು ನಿಜವಾದ ಕೆಲಸ. ಸುಮಾರು 150 ಮಿಲಿಮೀಟರ್ ಉದ್ದದ ದಪ್ಪ ಸರಳನ್ನು ಚಕ್ಕಿನಲ್ಲಿ ಹಿಡಿದು, ಟೇಲ್‌ಸ್ಟಾಕಿನ ಆಧಾರವಿಲ್ಲದೆ ತೆಳುವಾದ ಕಟ್ ಹಾಕಿ, ಎರಡು ತುದಿಗಳನ್ನೂ ಮೈಕ್ರೋಮೀಟರಿನಿಂದ ಅಳೆಯಬೇಕು. ಎರಡು ಅಳತೆಗಳ ನಡುವಿನ ಅಂತರವು ಯಂತ್ರದ ನಿಜಸ್ಥಿತಿಯನ್ನು ಮಾರುವವನ ಮಾತಿಗಿಂತ ಸ್ಪಷ್ಟವಾಗಿ ತಿಳಿಸುತ್ತದೆ.

ಯಂತ್ರವನ್ನು ಕೂರಿಸುವಾಗ ರಸಮಟ್ಟವಿಟ್ಟು ಉದ್ದಕ್ಕೂ ಅಡ್ಡಕ್ಕೂ ಸಮಮಾಡಬೇಕು. ಬೆಡ್ಡು ಸ್ವಲ್ಪ ತಿರುಚಿಕೊಂಡರೂ ಲೇತ್ ನೇರವಾದ ದಂಡವನ್ನು ಕೊರೆಯದೆ ಇಳಿಜಾರಾಗಿ ಕೊರೆಯುತ್ತದೆ. ನೆಲ ಕುಸಿದು ನಿಲ್ಲಲು ಕಾಲ ಹಿಡಿಯುವುದರಿಂದ ಕೆಲವು ವಾರಗಳ ಬಳಿಕ ಇನ್ನೊಮ್ಮೆ ಮಟ್ಟ ನೋಡುವುದು ಅವಶ್ಯಕ.

ಬೆಳಕಿನ ಮೋಸ

ಬಾಡಿಗೆಯ ಶೆಡ್ಡಿನಲ್ಲಿ ಮೊದಲು ಕಡಿತವಾಗುವ ಖರ್ಚು ಬೆಳಕಿನದು. ಮಬ್ಬು ಬೆಳಕಿನಲ್ಲಿ ಅಳತೆ ತಪ್ಪುತ್ತದೆಂಬುದು ಎಲ್ಲರಿಗೂ ಗೊತ್ತು. ಬೆಳಕು ಕಣ್ಣಿಗೆ ಮೋಸ ಮಾಡುತ್ತದೆಂಬುದು ಅಷ್ಟಾಗಿ ತಿಳಿದಿಲ್ಲ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳದು. ಹಳೆಯ ಬಗೆಯ ಟ್ಯೂಬ್‌ಲೈಟು ಹಾಗೂ ಅಗ್ಗದ ಕೆಲವು ಎಲ್‌ಇಡಿ ದೀಪಗಳು ಅದರಿಂದಾಗಿ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ನಾಲ್ಕು ದವಡೆಯ ಚಕ್ ನಿಮಿಷಕ್ಕೆ 1,500 ಸುತ್ತು ತಿರುಗುವಾಗ ಅದರ ದವಡೆಗಳು ಸೆಕೆಂಡಿಗೆ ಸರಿಯಾಗಿ 100 ಬಾರಿ ಒಂದೇ ಸ್ಥಾನವನ್ನು ಹಾದುಹೋಗುತ್ತವೆ. ಮೂರು ದವಡೆಯ ಚಕ್ಕಿಗೆ ಈ ವೇಗ 2,000 ಸುತ್ತು. ಆಗ ಭರದಿಂದ ತಿರುಗುವ ಚಕ್ ನಿಂತಂತೆಯೇ ಕಾಣುತ್ತದೆ. ಸುತ್ತಲೂ ಯಂತ್ರಗಳ ಸದ್ದಿರುವಾಗ ಕಿವಿಯೂ ಎಚ್ಚರಿಸುವುದಿಲ್ಲ. ಕೈ ಮುಂದೆ ಹೋಗುತ್ತದೆ.

ಪರಿಹಾರ ಸುಲಭ. ದೀಪಗಳನ್ನೆಲ್ಲ ಒಂದೇ ಫೇಸಿಗೆ ಜೋಡಿಸದೆ ಮೂರು ಫೇಸುಗಳಿಗೆ ಹಂಚಬೇಕು. ಪ್ರತಿ ಯಂತ್ರಕ್ಕೂ ಮಿನುಗದ ಉತ್ತಮ ದೀಪವೊಂದನ್ನು ಹತ್ತಿರದಲ್ಲಿ ಇಡಬೇಕು. ಇದರೊಂದಿಗೆ ಸರಿಯಾದ ಅರ್ತಿಂಗ್, ಕೈ ಉಪಕರಣಗಳ ಸಾಲಿಗೆ 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು, ಪ್ರತಿ ಯಂತ್ರದಲ್ಲೂ ಕೈಗೆಟಕುವ ಕೆಂಪು ನಿಲುಗಡೆ ಗುಂಡಿ ಇರಲೇಬೇಕು. ಮಳೆಗಾಲದಲ್ಲಿ ಸೋರುವ ತಗಡಿನ ಕೆಳಗೆ ಇವುಗಳ ಬೆಲೆ ತಿಳಿಯುತ್ತದೆ.

ಕೈ

ಲೇತ್ ಅಪಘಾತಗಳಲ್ಲಿ ಅತ್ಯಂತ ಹಳೆಯದೂ ಇಂದಿಗೂ ನಿಲ್ಲದುದೂ ಚಕ್ ಕೀಲಿಯಿಂದ ಆಗುವುದು. ಚಕ್ಕನ್ನು ಬಿಗಿದು ಕೀಲಿಯನ್ನು ಅಲ್ಲಿಯೇ ಬಿಟ್ಟು ಸ್ವಿಚ್ಚು ಒತ್ತಿದರೆ ಅದು ಕವಣೆಗಲ್ಲಿನಂತೆ ಹಾರುತ್ತದೆ. ಇದಕ್ಕೆ ಒಂದೇ ನಿಯಮ: ಕೀಲಿ ಚಕ್ಕಿನಲ್ಲಿ ಇರುವಷ್ಟು ಹೊತ್ತು ಕೈ ಕೀಲಿಯ ಮೇಲೆಯೇ ಇರಬೇಕು, ಕೈ ಬಿಡುವುದಾದರೆ ಕೀಲಿ ತನ್ನ ಗೂಟಕ್ಕೆ ಹೋಗಬೇಕು. ನಡುವೆ ಫೋನು ಬಂದರೂ, ಯಜಮಾನನೇ ಕರೆದರೂ ಇದಕ್ಕೆ ವಿನಾಯಿತಿಯಿಲ್ಲ.

ಎರಡನೆಯದು ಉಡುಪು. ಕೈಗವಸು ತೊಟ್ಟರೆ ಕೈಗೆ ರಕ್ಷಣೆ ಎಂಬುದು ಸಹಜವಾದ ನಂಬಿಕೆ. ತಿರುಗುವ ಯಂತ್ರದ ಮುಂದೆ ಅದು ತಿರುಗುಮುರುಗಾಗುತ್ತದೆ. ಬರಿಗೈ ತಾಗಿದರೆ ಚರ್ಮ ತರಚೀತು; ಕೈಗವಸು ಸಿಕ್ಕಿದರೆ ಅದು ಕೈಯನ್ನೇ ಒಳಗೆ ಎಳೆಯುತ್ತದೆ. ಆದುದರಿಂದ ಲೇತ್ ಮತ್ತು ಡ್ರಿಲ್ ಮೇಲೆ ಕೆಲಸ ಮಾಡುವಾಗ ಕೈಗವಸು ಕೂಡದು; ಚೂಪಾದ ತಗಡು, ಎರಕದ ಮಾಲು ಎತ್ತುವಾಗ ಮಾತ್ರ ಬೇಕು. ಸಡಿಲವಾದ ತೋಳು, ಹೆಗಲ ಮೇಲಿನ ವಸ್ತ್ರ, ಕೊರಳ ಸರ, ಉಂಗುರ, ಕೈಗೆ ಕಟ್ಟಿದ ದಾರ, ಅಂಗಿಯಿಂದ ಹೊರಬಿದ್ದ ಜನಿವಾರ ಇವೆಲ್ಲವೂ ಕೈಗವಸಿನಷ್ಟೇ ಅಪಾಯಕರ. ರಾಖಿಯ ಮರುದಿನ ಅಥವಾ ಜಾತ್ರೆಯಿಂದ ಮರಳಿದ ದಿನ ಕೆಲಸಗಾರನ ಮುಂಗೈಯನ್ನು ನೋಡುವುದು ಯಜಮಾನನ ಕರ್ತವ್ಯ. ಭಕ್ತಿಗೆ ಕೊರತೆಯಾಗದಂತೆ ದಾರವನ್ನು ಬಿಚ್ಚಿ ಜೇಬಿನಲ್ಲಿಡಬಹುದು.

ಮೂರನೆಯದು ಚಿಪ್ಸ್ ಎಂದು ಕೆಲಸಗಾರರು ಕರೆಯುವ ಲೋಹದ ಸುರುಳಿ. ಅದು ನೋಡಲು ರಿಬ್ಬನ್ನು, ಕೊಯ್ಯುವುದರಲ್ಲಿ ಬ್ಲೇಡು. ಅದನ್ನು ಕೊಕ್ಕೆಯಿಂದ ಎಳೆಯಬೇಕು, ಬ್ರಷ್ಷಿನಿಂದ ಗುಡಿಸಬೇಕು. ಯಂತ್ರ ನಿಂತ ಮೇಲೆಯೂ ಬರಿಗೈಯಿಂದ ಮುಟ್ಟಬಾರದು. ಡ್ರಿಲ್ಲಿಂಗ್ ಯಂತ್ರದಲ್ಲಿ ಎಷ್ಟು ಸಣ್ಣ ತುಂಡಾದರೂ ವೈಸಿನಲ್ಲಿ ಬಿಗಿಯಬೇಕು. ಬಿಟ್ ಆಚೆಗೆ ಹೊರಬೀಳುವ ಗಳಿಗೆಯಲ್ಲಿ ಅದು ತುಂಡನ್ನು ಕಚ್ಚಿ ಫ್ಯಾನಿನ ರೆಕ್ಕೆಯಂತೆ ತಿರುಗಿಸುತ್ತದೆ. ತಿರುಗುವ ದಂಡಕ್ಕೆ ಎಮರಿ ಕಾಗದ ಹಿಡಿಯುವಾಗ ಬೆರಳಿಗೆ ಸುತ್ತಿಕೊಳ್ಳಬಾರದು. ಇಪ್ಪತ್ತು ಮೂವತ್ತು ಕಿಲೋ ತೂಗುವ ಚಕ್ಕನ್ನು ಬದಲಿಸುವಾಗ ಬೆಡ್ಡಿನ ಮೇಲೆ ಮರದ ತೊಟ್ಟಿಲೊಂದನ್ನು ಇಟ್ಟರೆ ಬೆಡ್ಡು, ಬೆರಳು, ಬೆನ್ನು ಮೂರೂ ಉಳಿಯುತ್ತವೆ.

ಇಷ್ಟೆಲ್ಲ ಎಚ್ಚರಿಕೆಯ ನಡುವೆಯೂ ಬೆರಳು ತುಂಡಾದರೆ ಮಾಡಬೇಕಾದುದು ಇಷ್ಟು: ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನು ಬಿಗಿಯಾಗಿ ಒತ್ತಿ, ಕೈಯನ್ನು ಎತ್ತಿ ಹಿಡಿಯಬೇಕು. ತುಂಡಾದ ಭಾಗವನ್ನು ಹುಡುಕಿ, ತೇವದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಬೇಕು. ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಇಡಬೇಕು. ತುಂಡನ್ನು ನೇರವಾಗಿ ಮಂಜುಗಡ್ಡೆಯ ಮೇಲೆ ಇಟ್ಟರೆ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ಅರಿಸಿನ, ಕಾಫಿಪುಡಿ, ಗ್ರೀಸು ಯಾವುದನ್ನೂ ಹಚ್ಚದೆ, ಬೆರಳು ಜೋಡಿಸುವ ಶಸ್ತ್ರಚಿಕಿತ್ಸೆಯ ಸೌಲಭ್ಯವುಳ್ಳ ಆಸ್ಪತ್ರೆಗೆ ಕೂಡಲೇ ಹೋಗಬೇಕು. ಅಂಥ ಆಸ್ಪತ್ರೆ ಯಾವುದೆಂಬುದನ್ನು ಇಂದೇ ವಿಚಾರಿಸಿ, ದೂರವಾಣಿ ಸಂಖ್ಯೆಯನ್ನು 112ರ ಪಕ್ಕದಲ್ಲಿ ಗೋಡೆಯ ಮೇಲೆ ಬರೆದಿಡತಕ್ಕದ್ದು. ಧನುರ್ವಾಯುವಿನ ಚುಚ್ಚುಮದ್ದನ್ನು ಹತ್ತು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು. ಗಾಯ ಆಳವಾಗಿ ಕೊಳಕಾಗಿದ್ದು, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ಮೀರಿದ್ದರೆ ವೈದ್ಯರು ಮತ್ತೊಮ್ಮೆ ಕೊಡುತ್ತಾರೆ.

ಕಣ್ಣು

ಸಾಣೆಚಕ್ರವು ಶೆಡ್ಡಿನ ಮೂಲೆಯಲ್ಲಿ ನಿಂತ ಸಾಧುಪ್ರಾಣಿಯಂತೆ ಕಾಣುತ್ತದೆ. 200 ಮಿಲಿಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ 2,850 ಸುತ್ತು ತಿರುಗುವಾಗ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 30 ಮೀಟರು, ಎಂದರೆ ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕಿದುದು. ಸೀಳಿದ ಚಕ್ರ ಆ ವೇಗದಲ್ಲಿ ಸಿಡಿಯುತ್ತದೆ. ಹೊಸ ಚಕ್ರವನ್ನು ತೊಡಿಸುವ ಮುನ್ನ ಅದನ್ನು ಬೆರಳಿನ ಮೇಲೆ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿಯಾದ ಗಡಿಗೆಯಂತೆ ನಾದ ಬಂದರೆ ಸರಿ. ಒಡಕು ಮಡಿಕೆಯಂತೆ ಬೋಳು ಸದ್ದು ಬಂದರೆ ಅದನ್ನು ಒಡೆದು ಎಸೆಯಬೇಕು. ಕುಂಬಾರರ ಅಂಗಡಿಯಲ್ಲಿ ತಾಯಂದಿರು ಮಾಡುವ ಪರೀಕ್ಷೆ ಇದುವೇ. ಚಕ್ರದ ಎರಡು ಬದಿಯ ಕಾಗದದ ಬಿಲ್ಲೆಗಳನ್ನು ಕೀಳಬಾರದು. ಮೊದಲ ಬಾರಿ ಚಾಲೂ ಮಾಡಿ ಒಂದು ನಿಮಿಷ ಪಕ್ಕಕ್ಕೆ ಸರಿದು ನಿಲ್ಲಬೇಕು. ಟೂಲ್ ಇಡುವ ಆಸರೆಗೂ ಚಕ್ರಕ್ಕೂ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಚಕ್ರ ಸವೆದಂತೆಲ್ಲ ಆಸರೆಯನ್ನು ಮುಂದಕ್ಕೆ ಸರಿಸುತ್ತಿರಬೇಕು.

ಕಣ್ಣಿಗೆ ಕಿಡಿ ಬಿದ್ದಾಗ ಪಕ್ಕದ ಶೆಡ್ಡಿನ ಅನುಭವಿಯೊಬ್ಬ ಬೆಂಕಿಕಡ್ಡಿಯಿಂದಲೋ, ಮಡಿಸಿದ ಕಾಗದದ ತುದಿಯಿಂದಲೋ, ಅಯಸ್ಕಾಂತದಿಂದಲೋ ಅದನ್ನು ತೆಗೆಯುವುದು ಕೈಗಾರಿಕಾ ಪ್ರದೇಶಗಳಲ್ಲಿ ನಡೆದುಬಂದ ಪದ್ಧತಿ. ಈ ಪದ್ಧತಿ ನಿಲ್ಲಬೇಕು. ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯಲ್ಲಿ ನೆಟ್ಟ ಕಬ್ಬಿಣದ ಕಣವು ಬೇಗನೆ ತುಕ್ಕು ಹಿಡಿದು ತನ್ನ ಸುತ್ತ ಉಂಗುರದಂಥ ಕಲೆ ಮಾಡುತ್ತದೆ; ಕೊಳಕು ಕಡ್ಡಿಯಿಂದ ಸೋಂಕು ತಗುಲಿದರೆ ಬಿಳಿಯ ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ಸುತ್ತಿಗೆಯಿಂದ ಬಡಿಯುವಾಗ ಸಿಡಿದ ಚೂರು ಇನ್ನೂ ಮೋಸದ್ದು. ಅದು ಕಣ್ಣಿನ ಒಳಗೇ ಹೊಕ್ಕರೂ ಹೊರಗೆ ಅಷ್ಟಾಗಿ ನೋವು ಇರದಿರಬಹುದು. ಹಾಗೆ ಅನುಮಾನ ಬಂದಾಗ ಕಣ್ಣನ್ನು ಉಜ್ಜದೆ, ಒತ್ತದೆ, ಕಾಗದದ ಲೋಟವೊಂದನ್ನು ಕಣ್ಣಿಗೆ ತಾಗದಂತೆ ಮುಚ್ಚಿ ನೇತ್ರತಜ್ಞರಲ್ಲಿಗೆ ಹೋಗಬೇಕು. ಕಣ್ಣಿಗೆ ಲೋಹ ಹೊಕ್ಕ ಇತಿಹಾಸವುಳ್ಳವರು ಮುಂದೆಂದಾದರೂ ಎಂ.ಆರ್.ಐ. ಪರೀಕ್ಷೆಗೆ ಹೋದಾಗ ಅದನ್ನು ಮೊದಲೇ ತಿಳಿಸತಕ್ಕದ್ದು. ಆ ಯಂತ್ರದ ಪ್ರಬಲ ಅಯಸ್ಕಾಂತವು ಉಳಿದ ಕಣವನ್ನು ಕದಲಿಸಬಲ್ಲದು. ಕೂಲಂಟ್ ಅಥವಾ ರಾಸಾಯನಿಕ ಸಿಡಿದರೆ ಮಾತ್ರ ಶುದ್ಧ ನೀರಿನಿಂದ ಹದಿನೈದು ನಿಮಿಷ ಬಿಡದೆ ತೊಳೆಯಬೇಕು.

ಇವೆಲ್ಲಕ್ಕೂ ಮುಂಜಾಗ್ರತೆ ಎಂದರೆ ಪಕ್ಕವನ್ನೂ ಮುಚ್ಚುವ ರಕ್ಷಣಾ ಕನ್ನಡಕ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ವರ್ನಿಯರ್ ಗೆರೆಯೂ ಅಕ್ಷರದಂತೆಯೇ. ಅನೇಕ ನುರಿತ ಟರ್ನರುಗಳು ಇದನ್ನು ಒಪ್ಪಿಕೊಳ್ಳದೆ ಅಂದಾಜಿನಿಂದ ಓದುತ್ತಾರೆ. ಪವರ್ ಹಾಕಿಸಿದ ರಕ್ಷಣಾ ಕನ್ನಡಕದಿಂದ ಕಣ್ಣೂ ಉಳಿಯುತ್ತದೆ, ಅಳತೆಯೂ ಉಳಿಯುತ್ತದೆ.

ಚರ್ಮ, ಉಸಿರು, ಕಿವಿ

ಕೈ ಮತ್ತು ಕಣ್ಣಿನ ಅಪಾಯ ಒಂದು ಗಳಿಗೆಯದು. ಉಳಿದ ಅಂಗಗಳ ಹಾನಿ ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ.

ಕೂಲಂಟ್ ತಯಾರಿಸುವಾಗ ಮೊದಲು ನೀರು, ಬಳಿಕ ಎಣ್ಣೆ. ಸಾಮಾನ್ಯವಾಗಿ ಇಪ್ಪತ್ತು ಪಾಲು ನೀರಿಗೆ ಒಂದು ಪಾಲು ಎಣ್ಣೆಯನ್ನು ಕಲಕುತ್ತ ಸುರಿಯಬೇಕು. ಸೋಮವಾರ ಬೆಳಿಗ್ಗೆ ತೊಟ್ಟಿಯಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ರಜೆಯಲ್ಲಿ ನಿಂತ ದ್ರವದಲ್ಲಿ ಬ್ಯಾಕ್ಟೀರಿಯಾ ಬೆಳೆದಿವೆ ಎಂದು ತಿಳಿಯಬೇಕು. ಮೇಲೆ ತೇಲುವ ಬೇರೆ ಎಣ್ಣೆಯನ್ನು ತೆಗೆಯುವುದು, ಚಿಪ್ಸನ್ನು ಹೆಕ್ಕುವುದು, ಕಾಲಕಾಲಕ್ಕೆ ತೊಟ್ಟಿಯನ್ನು ಪೂರ್ತಿ ತೊಳೆಯುವುದು ಇದಕ್ಕೆ ಉಪಾಯ. ಕೈಯ ಜಿಡ್ಡನ್ನು ಸೀಮೆಎಣ್ಣೆ, ಪೆಟ್ರೋಲು, ಥಿನ್ನರುಗಳಿಂದ ತೊಳೆದರೆ ಚರ್ಮದ ಸಹಜವಾದ ಜಿಡ್ಡೂ ಹೋಗಿ ಬಿರುಕು, ತುರಿಕೆ, ಕಜ್ಜಿ ಉಂಟಾಗುತ್ತವೆ. ಸಾಬೂನು ಮತ್ತು ನೀರು, ಬಳಿಕ ಒಂದಿಷ್ಟು ಕೊಬ್ಬರಿ ಎಣ್ಣೆ ಸಾಕು. ಎಣ್ಣೆಯ ಚಿಂದಿಯನ್ನು ಪ್ಯಾಂಟಿನ ಜೇಬಿನಲ್ಲಿ ತುರುಕಿಕೊಳ್ಳುವುದು ಕೆಟ್ಟ ಅಭ್ಯಾಸ. ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲಿ ಖನಿಜ ತೈಲದಿಂದ ತೊಯ್ದ ಬಟ್ಟೆಯಲ್ಲಿಯೇ ದುಡಿದ ಕಾರ್ಮಿಕರಿಗೆ ವೃಷಣಚೀಲದ ಕ್ಯಾನ್ಸರ್ ಬಂದುದು ವೈದ್ಯಕೀಯ ಚರಿತ್ರೆಯಲ್ಲಿ ದಾಖಲಾಗಿದೆ. ಶುದ್ಧೀಕರಿಸದ ಖನಿಜ ತೈಲವನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಯೇ ಸೇರಿಸಿದೆ.

ಕಾರ್ಬೈಡ್ ಟೂಲ್ ಮಸೆಯುವಾಗ ಏಳುವ ಧೂಳಿನಲ್ಲಿ ಕೋಬಾಲ್ಟ್ ಇರುತ್ತದೆ. ಅದು ಶ್ವಾಸಕೋಶವನ್ನು ಗಡುಸಾಗಿಸಬಲ್ಲದು. ಮುಖಕ್ಕೆ ಕಟ್ಟಿದ ಕರವಸ್ತ್ರ ಇಂಥ ಸೂಕ್ಷ್ಮ ಧೂಳನ್ನು ತಡೆಯದು. ಎನ್-95 ದರ್ಜೆಯ ಮುಸುಕು ಬೇಕು, ಸಾಣೆಯ ಬಳಿ ಧೂಳನ್ನು ಹೀರುವ ವ್ಯವಸ್ಥೆಯಿದ್ದರೆ ಇನ್ನೂ ಒಳ್ಳೆಯದು. ಗಾಳಿಯ ಪೈಪಿನಿಂದ ಮೈಮೇಲಿನ ಧೂಳು ಊದಿಕೊಳ್ಳುವುದನ್ನು ನಿಷೇಧಿಸತಕ್ಕದ್ದು. ಸದ್ದಿನ ವಿಷಯಕ್ಕೆ ಒಂದು ಸುಲಭ ಪರೀಕ್ಷೆಯಿದೆ: ಒಂದು ಮೀಟರ್ ದೂರದಲ್ಲಿ ನಿಂತವನೊಡನೆ ಕೂಗಿ ಮಾತನಾಡಬೇಕಾದರೆ ಅಲ್ಲಿನ ಸದ್ದು ಸುಮಾರು 85 ಡೆಸಿಬಲ್ ಮೀರಿದೆ, ದಿನವಿಡೀ ಅಲ್ಲಿರುವವನ ಕಿವಿಗೆ ರಕ್ಷಣೆ ಬೇಕು. ಹೀಗೆ ಹೋದ ಶ್ರವಣಶಕ್ತಿ ಮರಳಿ ಬಾರದು. ಕಾಂಕ್ರೀಟ್ ನೆಲದ ಮೇಲೆ ಹತ್ತು ಗಂಟೆ ನಿಲ್ಲುವವನ ಕಾಲಿನ ಕೆಳಗೆ ಮರದ ಪಟ್ಟಿಗಳ ಹಲಗೆಯೊಂದನ್ನು ಹಾಕಿದರೆ ಸೊಂಟವೂ ಮೊಣಕಾಲೂ ಉಪಕಾರ ಸ್ಮರಿಸುತ್ತವೆ.

ಅಳತೆ ಎಂಬ ಶಿಸ್ತು

ಮಾಲು ತಿರಸ್ಕೃತವಾಗಲು ಕಾರಣ ಸದಾ ಅಜಾಗರೂಕತೆಯಲ್ಲ, ಅವಸರವೂ ಕಾರಣ. 50 ಮಿಲಿಮೀಟರ್ ವ್ಯಾಸದ ಉಕ್ಕಿನ ದಂಡವೊಂದನ್ನು ಕೊರೆದ ಕೂಡಲೇ ಅಳೆದರೆಂದು ಇಟ್ಟುಕೊಳ್ಳೋಣ. ಅದು ಕೋಣೆಗಿಂತ 30 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಸುಮಾರು 0.017 ಮಿಲಿಮೀಟರ್ ಹಿಗ್ಗಿರುತ್ತದೆ. ಬೇರಿಂಗ್ ಕೂರುವ ದಂಡಕ್ಕೆ ಸಾಮಾನ್ಯವಾಗಿ ಕೊಡುವ ಎಚ್-6 ದರ್ಜೆಯಲ್ಲಿ ಈ ಅಳತೆಗೆ ಇರುವ ಒಟ್ಟು ಸಡಿಲಿಕೆಯೇ 0.016 ಮಿಲಿಮೀಟರು. ಬಿಸಿಯಲ್ಲಿ ಸರಿಯಿದ್ದ ದಂಡ ತಣಿದ ಮೇಲೆ ತಿರಸ್ಕೃತವಾಗುವುದು ಹೀಗೆ. ಕೊನೆಯ ಕಟ್ಟಿಗೆ ಮುನ್ನ ಮಾಲು ತಣಿಯಲು ಬಿಡಬೇಕು. ಮೊದಲ ತುಂಡನ್ನು ಪೂರ್ತಿ ಪರೀಕ್ಷಿಸಿ, ಬರೆದಿಟ್ಟು, ಆಮೇಲೆಯೇ ಎರಡನೆಯದಕ್ಕೆ ಕೈಹಾಕಬೇಕು. ಮೈಕ್ರೋಮೀಟರನ್ನು ಲೇತಿನ ಬೆಡ್ಡಿನ ಮೇಲೆ ಇಡಬಾರದು. ಅದಕ್ಕೆ ಮರದ ಪೆಟ್ಟಿಗೆಯೇ ಮನೆ.

ಹೆಚ್ಚು ವೇಗದಿಂದ ಹೆಚ್ಚು ಲಾಭವೆಂಬ ಭ್ರಮೆಯೂ ಇದೆ. ಮೃದು ಉಕ್ಕಿಗೆ ಎಚ್.ಎಸ್.ಎಸ್. ಟೂಲಿನ ವೇಗ ನಿಮಿಷಕ್ಕೆ ಸುಮಾರು 30 ಮೀಟರು; 50 ಮಿಲಿಮೀಟರ್ ದಂಡಕ್ಕೆ ಇದು ನಿಮಿಷಕ್ಕೆ ಸುಮಾರು 190 ಸುತ್ತು ಆಗುತ್ತದೆ. ಅಮೆರಿಕದ ಎಫ್. ಡಬ್ಲ್ಯೂ. ಟೇಲರ್ 20ನೆಯ ಶತಮಾನದ ಆದಿಯಲ್ಲಿ ಕಂಡುಕೊಂಡ ಸೂತ್ರದ ಪ್ರಕಾರ ಇಂಥ ಟೂಲಿನ ವೇಗವನ್ನು ನೂರಕ್ಕೆ ಹತ್ತರಷ್ಟು ಏರಿಸಿದರೆ ಅದರ ಆಯುಷ್ಯ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಉಳಿಸಿದ ಹತ್ತು ನಿಮಿಷ ಸಾಣೆಯ ಮುಂದೆ ಕಳೆಯುತ್ತದೆ.

ಒಂದು ಗಂಟೆಯ ಬೆಲೆ

ಇನ್ನು ಲೆಕ್ಕ. ಪಕ್ಕದ ಶೆಡ್ಡಿನವನು ಗಂಟೆಗೆ ಎಷ್ಟು ಕೇಳುತ್ತಾನೆಂದು ನೋಡಿ ದರ ಹೇಳುವವರೇ ಬಹಳ. ತನ್ನ ಯಂತ್ರದ ಒಂದು ಗಂಟೆಗೆ ತನಗೆಷ್ಟು ಖರ್ಚು ಎಂದು ತಿಳಿಯದವನು ಕಣ್ಣುಕಟ್ಟಿಕೊಂಡು ಲೇತ್ ನಡೆಸಿದಂತೆ. ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಮೂರು ಲಕ್ಷ ರೂಪಾಯಿಯ ಹಳೆಯ ಲೇತ್. ವರ್ಷದ ಖರ್ಚು ಹೀಗಿದೆ:

ಯಂತ್ರದ ಸವಕಳಿ: 30,000
ಬಂಡವಾಳದ ಮೇಲಿನ ಬಡ್ಡಿ: 36,000
ಬಾಡಿಗೆಯ ಪಾಲು: 48,000
ಕೆಲಸಗಾರನ ಸಂಬಳ: 2,40,000
ವಿದ್ಯುತ್ತು: 36,000
ಟೂಲ್, ಎಣ್ಣೆ, ದುರಸ್ತಿ: 60,000
ಯಜಮಾನನ ಸಂಬಳ ಮತ್ತು ಕಚೇರಿ ಖರ್ಚಿನ ಪಾಲು: 1,50,000
ಒಟ್ಟು: 6,00,000 ರೂಪಾಯಿ

ವರ್ಷಕ್ಕೆ 300 ದಿನ, ದಿನಕ್ಕೆ 8 ಗಂಟೆ ಎಂದರೆ 2,400 ಗಂಟೆ. ಆರು ಲಕ್ಷವನ್ನು ಇದರಿಂದ ಭಾಗಿಸಿದರೆ ಗಂಟೆಗೆ 250 ರೂಪಾಯಿ ಬರುತ್ತದೆ. ಯಜಮಾನ 280 ಕೇಳಿ, ಮೂವತ್ತು ರೂಪಾಯಿ ಲಾಭವೆಂದು ಸಂತೋಷಪಡುತ್ತಾನೆ. ಆದರೆ ವಿದ್ಯುತ್ ಕಡಿತ, ಮಾಲಿಗಾಗಿ ಕಾಯುವುದು, ಟೂಲ್ ಬದಲಾವಣೆ, ಕೆಲಸಗಾರನ ರಜೆ ಇವೆಲ್ಲ ಕಳೆದು ಗಿರಾಕಿಗೆ ಬಿಲ್ಲು ಹಾಕಬಹುದಾದ ಗಂಟೆಗಳು 1,500 ಮಾತ್ರವಾದರೆ ನಿಜವಾದ ಖರ್ಚು ಗಂಟೆಗೆ 400 ರೂಪಾಯಿ. ಹಾಗಾದರೆ ಅವನಿಗೆ ಗಂಟೆಗೆ 120 ರೂಪಾಯಿ ನಷ್ಟ. ವರ್ಷಕ್ಕೆ 1,80,000 ರೂಪಾಯಿ. ಇದು ಯಜಮಾನನ ಪಾಲಿನ 1,50,000 ಮತ್ತು ಯಂತ್ರದ ಸವಕಳಿ 30,000 ಇವೆರಡರ ಮೊತ್ತಕ್ಕೆ ಸರಿಯಾಗಿ ಸಮ. ಎಂದರೆ ಅವನು ವರ್ಷವಿಡೀ ಸಂಬಳವಿಲ್ಲದೆ ದುಡಿದು, ಜೊತೆಗೆ ತನ್ನ ಯಂತ್ರವನ್ನೂ ಸವೆಸಿ ಗಿರಾಕಿಗೆ ದಾನ ಮಾಡಿದ್ದಾನೆ. ಕೈಯಲ್ಲಿ ಹಣ ಓಡಾಡುತ್ತಿರುವುದರಿಂದ ಇದು ಅವನಿಗೆ ಗೊತ್ತಾಗುವುದೇ ಇಲ್ಲ. ಯಂತ್ರ ಕೆಟ್ಟು ಹೊಸದನ್ನು ಕೊಳ್ಳಬೇಕಾದ ದಿನ ಗೊತ್ತಾಗುತ್ತದೆ.

ಆದುದರಿಂದ ಪ್ರತಿ ಯಂತ್ರದ ಪಕ್ಕದಲ್ಲೂ ಒಂದು ವಹಿ ಇರಬೇಕು: ಯಾವ ಕೆಲಸ, ಎಷ್ಟು ಹೊತ್ತಿಗೆ ಆರಂಭ, ಎಷ್ಟು ಹೊತ್ತಿಗೆ ಮುಕ್ತಾಯ, ಎಷ್ಟು ತಿರಸ್ಕೃತ, ಯಂತ್ರ ನಿಂತುದು ಯಾಕೆ. ಮೂರು ತಿಂಗಳ ವಹಿಯಿಂದ ನಿಜವಾದ ಗಂಟೆಗಳು ತಿಳಿಯುತ್ತವೆ. ಗಿರಾಕಿಯೇ ಎರಕದ ಮಾಲು ಕೊಡುವ ಕೆಲಸದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಒಂದು ತುಂಡಿಗೆ ಹತ್ತು ರೂಪಾಯಿ ಲಾಭವಿದ್ದು, ಕೆಡಿಸಿದ ಮಾಲಿಗೆ ನಾನೂರು ರೂಪಾಯಿ ಕಡಿತವಾಗುವುದಾದರೆ, ಒಂದು ತುಂಡು ಕೆಟ್ಟರೆ ನಲವತ್ತು ತುಂಡುಗಳ ದುಡಿಮೆ ಹೋದಂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಬರಬೇಕಾದ ಹಣ

ದುಡಿದ ಹಣ ಸಕಾಲಕ್ಕೆ ಬಾರದಿದ್ದರೆ ಲಾಭ ಕಾಗದದ ಮೇಲೆಯೇ ಉಳಿಯುತ್ತದೆ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯು ಈ ದಿಸೆಯಲ್ಲಿ ಬಲವಾದ ಆಸರೆ. ಲಿಖಿತ ಕರಾರು ಇದ್ದರೂ ಮಾಲು ಸ್ವೀಕರಿಸಿದ 45 ದಿನಗಳೊಳಗೆ, ಕರಾರಿಲ್ಲದಿದ್ದರೆ 15 ದಿನಗಳೊಳಗೆ ಕೊಳ್ಳುವವನು ಹಣ ಸಲ್ಲಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ, ಕೊಡಬೇಕು. ಈ ಹಕ್ಕನ್ನು ಪಡೆಯಲು ಉದ್ಯಮ್ ನೋಂದಣಿ ಬೇಕು. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಗೆ ಸರಕಾರ ಯಾವ ಶುಲ್ಕವನ್ನೂ ವಿಧಿಸುವುದಿಲ್ಲ. ಶುಲ್ಕ ಕೇಳುವ ಮಧ್ಯವರ್ತಿಗಳಿಂದ ದೂರವಿರಬೇಕು. 2025ರ ಏಪ್ರಿಲ್ 1ರಿಂದ ಯಂತ್ರೋಪಕರಣಗಳ ಬಂಡವಾಳ 2.5 ಕೋಟಿ, ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿ ಮೀರದ ಉದ್ಯಮ ಕಿರು ಉದ್ಯಮವೆನಿಸುತ್ತದೆ; ನಾಲ್ಕು ಲೇತ್‌ಗಳ ಶೆಡ್ಡು ಇದರೊಳಗೇ ಬರುತ್ತದೆ. ನೋಂದಣಿಯ ಸಂಖ್ಯೆಯನ್ನು ಬಿಲ್ಲಿನ ಮೇಲೆಯೇ ಅಚ್ಚು ಹಾಕಿಸುವುದು ಒಳ್ಳೆಯದು. ಹಣ ಬಾರದಿದ್ದಾಗ ಸರಕಾರಿ ಜಾಲತಾಣದ ಮೂಲಕ ದೂರು ಸಲ್ಲಿಸಬಹುದು.

ಕಾನೂನಿದ್ದರೂ ಒಬ್ಬನೇ ಗಿರಾಕಿಯನ್ನು ನಂಬಿದವನು ದೂರು ಕೊಡಲಾರ. ಕೊಟ್ಟರೆ ಮರುದಿನ ಕೆಲಸ ನಿಲ್ಲುತ್ತದೆ. ಯಾವ ಗಿರಾಕಿಯ ಪಾಲೂ ಒಟ್ಟು ಕೆಲಸದ ಅರ್ಧಕ್ಕಿಂತ ಮೀರದಂತೆ ನೋಡಿಕೊಳ್ಳುವುದೇ ನಿಜವಾದ ರಕ್ಷಣೆ.

ಊರಿನಿಂದ ಬಂದ ಹುಡುಗ

ಹೊರನಾಡಿನ ಕನ್ನಡಿಗರ ಶೆಡ್ಡುಗಳಿಗೆ ಊರಿನಿಂದ ಹುಡುಗರು ಬರುವುದುಂಟು: ಅಕ್ಕನ ಮಗ, ನೆರೆಮನೆಯವರ ಮಗ, ಹತ್ತನೆಯ ತರಗತಿಯಲ್ಲಿ ನಪಾಸಾದವನು. ಹದಿನೆಂಟು ತುಂಬದವರನ್ನು ಅಪಾಯಕರ ಕೆಲಸಕ್ಕೆ ಹಚ್ಚುವುದನ್ನು ಕಾನೂನು ನಿಷೇಧಿಸಿದೆ, ಅಂಥವರನ್ನು ಐ.ಟಿ.ಐ.ಗೆ ಸೇರಿಸುವುದೇ ಉಪಕಾರ. ವಯಸ್ಸು ತುಂಬಿ ಬಂದವನನ್ನೂ ಬಂದ ದಿನವೇ ಯಂತ್ರದ ಮುಂದೆ ನಿಲ್ಲಿಸಬಾರದು. ಮೊದಲ ಕೆಲವು ವಾರ ಆತ ಗುಡಿಸಲಿ, ಎಣ್ಣೆ ಹಾಕಲಿ, ಅಳೆಯಲು ಕಲಿಯಲಿ, ಯಂತ್ರ ನಿಲ್ಲಿಸುವುದನ್ನು ಕಲಿಯಲಿ. ನಿಲ್ಲಿಸಲು ಚೆನ್ನಾಗಿ ಬಂದ ಮೇಲೆ ನಡೆಸಲು ಕಲಿಸಬೇಕು. ಆತ ಮನೆಯ ಹುಡುಗನೆಂದು ಹಾಜರಿ ಬರೆಯದಿರುವುದು, ವಿಮೆ ಮಾಡಿಸದಿರುವುದು ಸಲಿಗೆಯಲ್ಲ, ಅನ್ಯಾಯ. ಹತ್ತು ಅಥವಾ ಹೆಚ್ಚು ಜನರಿದ್ದಲ್ಲಿ ಇ.ಎಸ್.ಐ. ಕಡ್ಡಾಯ. ಕಡಿಮೆ ಜನರಿದ್ದರೂ ಕೆಲಸದಲ್ಲಾದ ಗಾಯಕ್ಕೆ ಪರಿಹಾರದ ಹೊಣೆ ಯಜಮಾನನದೇ ಆದುದರಿಂದ ಅಪಘಾತ ವಿಮೆ ಮಾಡಿಸಬೇಕು. ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯು ಅಪಘಾತದ ಮರಣಕ್ಕೆ 2 ಲಕ್ಷ, ಒಂದು ಕಣ್ಣು ಅಥವಾ ಒಂದು ಕೈ ಪೂರ್ಣವಾಗಿ ನಷ್ಟವಾದರೆ 1 ಲಕ್ಷ ರೂಪಾಯಿ ನೀಡುತ್ತದೆ. ಬೆರಳು ಹೋದರೆ ಅದರಿಂದ ಏನೂ ಸಿಗದು. ಆದುದರಿಂದ ಅದೊಂದೇ ಸಾಲದು.

ದಿನಕ್ಕೆ ಇಪ್ಪತ್ತು ನಿಮಿಷ

ಇಲ್ಲಿ ಹೇಳಿದ ಸೂಚನೆಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಖರ್ಚಿಲ್ಲ. ಬೇಕಾಗಿರುವುದು ದಿನಕ್ಕೆ ಇಪ್ಪತ್ತು ನಿಮಿಷ. ಬೆಳಿಗ್ಗೆ ಹತ್ತು ನಿಮಿಷದಲ್ಲಿ ಬೆಡ್ಡನ್ನು ಒರೆಸಿ ಎಣ್ಣೆ ಹಾಕಬೇಕು, ಕೂಲಂಟ್ ನೋಡಬೇಕು, ನಿಲುಗಡೆ ಗುಂಡಿಯನ್ನು ಒತ್ತಿ ಪರೀಕ್ಷಿಸಬೇಕು, ಕನ್ನಡಕ ತೊಡಬೇಕು. ಸಂಜೆ ಹತ್ತು ನಿಮಿಷದಲ್ಲಿ ಚಿಪ್ಸ್ ಗುಡಿಸಿ, ಅಳತೆಯ ಉಪಕರಣಗಳನ್ನು ಪೆಟ್ಟಿಗೆಗೆ ಸೇರಿಸಿ, ವಹಿ ಬರೆಯಬೇಕು. ಇದನ್ನು ಯಜಮಾನ ತಾನೇ ಮಾಡಿದರೆ ಕೆಲಸಗಾರರಿಗೆ ಬೇರೆ ಉಪದೇಶ ಬೇಕಾಗದು.

ಪರನಾಡಿನಲ್ಲಿ ಸ್ವಂತ ಶೆಡ್ಡು ಕಟ್ಟುವುದು ಸಣ್ಣ ಸಾಧನೆಯಲ್ಲ. ಆ ಶೆಡ್ಡಿನಲ್ಲಿರುವ ಲೇತ್ ಕೆಟ್ಟರೆ ಇನ್ನೊಂದನ್ನು ಸಾಲ ಮಾಡಿಯಾದರೂ ತರಬಹುದು. ಅದನ್ನು ನಡೆಸುವ ಕೈಗೆ ಮತ್ತು ಗೆರೆಯನ್ನು ಓದುವ ಕಣ್ಣಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.